ಸುದ್ದಿ ಹೊತ್ತವನ ಹೊಣೆ

*ಇಂದಿನ ಧಮ್ಮ ಚಿಂತನೆ*



ಈ ವಾರ ಸಮ್ಯಕ್ ವಾಚಾ ಬಗ್ಗೆ ಬರೆಯುವ ಸರದಿ ನನ್ನದು. ಮೂರು ದಿನದಿಂದ ಬರೆದು ಬರೆದು ಅಳಿಸುತ್ತಿದ್ದೇನೆ. ಸುಳ್ಳು ಬೇಡ, ಚಾಡಿ ಬೇಡ, ಒರಟು ಮಾತು ಬೇಡ, ಹುರುಳಿಲ್ಲದ ಹರಟೆ ಬೇಡ ಎಂದು ನಾಲ್ಕು ಸಾಲು ಬರೆದು ಮುಗಿಸಬಹುದಿತ್ತು. ಅದೆಲ್ಲ ನಿಮಗೆ ಗೊತ್ತಿರುವುದೇ. ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ನಾನು ಆಡದ ಮಾತನ್ನು, ಯಾರೋ ಆಡಿದ್ದನ್ನು, ಸುಮ್ಮನೆ ಮುಂದಕ್ಕೆ ದಾಟಿಸಿದೆ ಅಂತಿಟ್ಟುಕೊಳ್ಳಿ. ಆ ಮಾತು ಯಾರದು? ಅವರದೋ, ನನ್ನದೋ? ಇದನ್ನು ಹೇಳಬೇಕಾದರೆ ನಮ್ಮ ತಾತನಿಂದ ಶುರು ಮಾಡಬೇಕು.

ನಮ್ಮದು ನೆಲಮಂಗಲ ತಾಲ್ಲೂಕು ಸೋಂಪುರ. ತಾತ ಊರಿನ ತೋಟಿ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಸುದ್ದಿ ಹೊತ್ತು ನಡೆಯಬೇಕಾದವನು ಅವನು. ಮಾಗಡಿ ಕಡೆ, ಕುಣಿಗಲ್ ಕಡೆ, ದೊಡ್ಡಬಳ್ಳಾಪುರದ ಕಡೆ, ನೆಂಟರು ಎಲ್ಲಿದ್ದರೆ ಅಲ್ಲಿಗೆ. ಮಳೆಯೋ, ನಡುರಾತ್ರಿಯೋ, ಕೇಳುವವರಿಲ್ಲ. ಹೋದ ಊರಲ್ಲಿ ಹಟ್ಟಿಯ ಆಚೆ ನಿಂತು ಕೂಗಿ ಹೇಳಬೇಕು. ಕೊಟ್ಟರೆ ಒಂದು ಮೊರ ರಾಗಿ, ಇಲ್ಲದಿದ್ದರೆ ಎಲೆ ಅಡಿಕೆ. ಇದು ನಮ್ಮೂರಿನದಷ್ಟೇ ಕಥೆಯಲ್ಲ. ಹಳ್ಳಿಗಳಲ್ಲಿ ಅಸ್ಪೃಶ್ಯರ ಮೇಲೆ ಹೇರಿದ್ದ ಕೆಲಸಗಳನ್ನು ಬಾಬಾಸಾಹೇಬರು ಒಂದು ಕಡೆ ಪಟ್ಟಿ ಮಾಡಿದ್ದಾರೆ. ಸಾವು, ಮದುವೆಯ ಸುದ್ದಿಯನ್ನು ಸವರ್ಣೀಯರ ನೆಂಟರಿಗೆ ಎಷ್ಟು ದೂರವಾದರೂ ಹೋಗಿ ಮುಟ್ಟಿಸುವುದೂ ಆ ಪಟ್ಟಿಯಲ್ಲಿದೆ. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಹಾರ್ ವತನ್ ವಿರುದ್ಧ ಅವರು ಮಸೂದೆ ತಂದದ್ದು ಇಂಥ ಬಿಟ್ಟಿ ಚಾಕರಿಯನ್ನು ಮುರಿಯುವುದಕ್ಕೇ. ನಮ್ಮ ಕಡೆ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ಕಾಗದದಲ್ಲಿ ತೋಟಿತನ ಹೋಯಿತು. ತಾತನ ಕಾಲು ಮಾತ್ರ ಇನ್ನೂ ಹತ್ತು ವರ್ಷ ನಡೆಯುತ್ತಲೇ ಇತ್ತು.

ತಾತ ಹೇಳುತ್ತಿದ್ದ ಒಂದು ಪ್ರಸಂಗ ಇದೆ. ಒಂದು ರಾತ್ರಿ ಯಜಮಾನರ ತಾಯಿಗೆ ಉಸಿರು ನಿಂತಿತು ಎಂದು ಇವನನ್ನು ಎಬ್ಬಿಸಿ ಮಾಗಡಿ ಕಡೆಗೆ, ಮಗಳ ಮನೆಗೆ ಓಡಿಸಿದರು. ರಾತ್ರಿಯೆಲ್ಲ ನಡೆದು ಹೋಗಿ ಹೇಳಿದ. ಅವರು ಗಾಡಿ ಕಟ್ಟಿಕೊಂಡು ಎದೆ ಬಡಿದುಕೊಳ್ಳುತ್ತಾ ಬಂದು ನೋಡಿದರೆ ಮುದುಕಿ ಗೋಡೆಗೆ ಒರಗಿ ಕೂತು ಗಂಜಿ ಕುಡಿಯುತ್ತಿದೆ! ಬದುಕಿದೆಯಲ್ಲ ಎಂದು ಯಾರೂ ನಗಲಿಲ್ಲ. ಗಾಡಿಯ ಬಾರುಕೋಲು ತೆಗೆದುಕೊಂಡು ತಾತನಿಗೆ ಬಾರಿಸಿದರು. ಅಪಶಕುನದ ಬಾಯಿ ಎಂದರು. ಹೇಳಿ ಕಳಿಸಿದ ಯಜಮಾನರು ಪಕ್ಕದಲ್ಲೇ ನಿಂತಿದ್ದರಂತೆ, ಒಂದು ಮಾತು ಆಡಲಿಲ್ಲ.

ಅವತ್ತಿನಿಂದ ತಾತ ಒಂದು ಕ್ರಮ ಇಟ್ಟುಕೊಂಡ. ಸುದ್ದಿ ಹೇಳಿದ ಕೂಡಲೇ ಹೊರಡುತ್ತಿರಲಿಲ್ಲ. ಹೆಣ ನೋಡಿಕೊಂಡು ಹೋಗೋಣವೆಂದರೆ ಮನೆಯೊಳಕ್ಕೆ ಬಿಡುವವರು ಯಾರು? ಸತ್ತ ಮನೆಯ ಮುಂದೆ ಸೌದೆ ಒಟ್ಟಿ ಬೆಂಕಿ ಹಾಕುವುದು ನಮ್ಮ ಕಡೆ ಪದ್ಧತಿ. ಬೀದಿಯ ಆ ಬದಿಯಲ್ಲಿ ಕಂಬಳಿ ಹೊದ್ದು ಕುಕ್ಕರುಗಾಲಲ್ಲಿ ಕೂರುತ್ತಿದ್ದ. "ಯಾಕ್ಲಾ ಇನ್ನೂ ಹೊಂಟಿಲ್ಲ?" ಎಂದು ಬೈದರೆ, "ಎಲೆ ಅಡಿಕೆ ಹಾಕ್ಕೊಂಡು ಹೊಂಡ್ತೀನಿ ಬುದ್ಧಿ" ಅನ್ನುತ್ತಿದ್ದ. ಬೆಂಕಿ ಬಿದ್ದ ಮೇಲೆ ಏಳುತ್ತಿದ್ದ. (ಒಡೆಯರನ್ನು ನಮ್ಮವರು 'ಬುದ್ಧಿ' ಎಂದೇ ಕರೆಯಬೇಕಿತ್ತು. ಬುದ್ಧ ಅನ್ನುವ ಹೆಸರೂ ಅದೇ ಧಾತುವಿನಿಂದ ಬಂದದ್ದು ಎಂದು ಗೊತ್ತಾದ ದಿನ ನನಗೆ ನಗು ಬಂತು, ಸಿಟ್ಟೂ ಬಂತು.)

ತಂತಿ ಬಂದ ಮೇಲೆ ತಾತನ ಕಾಲಿಗೆ ಸ್ವಲ್ಪ ಬಿಡುವು. ಹಳ್ಳಿಯಲ್ಲಿ ತಂತಿ ಎಂದರೆ ಸಾವು ಅಂತಲೇ ಅರ್ಥ. ಅಂಚೆಯವರು ಕೇರಿ ಕಡೆ ತಿರುಗಿದರೆ ಸಾಕು, ಒಡೆದು ಓದುವ ಮೊದಲೇ ಹೆಂಗಸರು ಅಳುತ್ತಿದ್ದರು. ನಮ್ಮ ಕೇರಿಯಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದವನು ನಾನೊಬ್ಬನೇ, ಎಂಟನೇ ಕ್ಲಾಸಿನ ಹುಡುಗ. 'ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯಟ್ಲಿ' ಎಂದಿದ್ದರೆ ಆಗಲೇ ಆಗಿಹೋಗಿದೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಸೀರಿಯಸ್ ಅನ್ನುವುದು ಸುಳ್ಳೇ. ದಾರಿಯಲ್ಲಿ ಎದೆ ಒಡೆಯದಿರಲಿ ಎಂದು ಹೇಳುವ ಸುಳ್ಳು. ಅದು ಶೀಲಭಂಗವೋ ಕರುಣೆಯೋ ಎಂದು ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ. ತಂತಿಯೂ ಹೋಯಿತು, 2013ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಅದನ್ನು ನಿಲ್ಲಿಸಿತು. ಪೇಪರಲ್ಲಿ ಓದಿದಾಗ ನಮ್ಮ ಕೇರಿಯ ಆ ಹೆಂಗಸರ ಮುಖಗಳು ನೆನಪಾದವು.

ಫೋನಿನ ಕಥೆ ಬೇರೆ. ಹಳ್ಳಿಗೆ ಹೊಂದುವ, ಹವಾನಿಯಂತ್ರಣ ಬೇಡದ ಚಿಕ್ಕ ಎಕ್ಸ್‌ಚೇಂಜನ್ನು ಸಿ-ಡಾಟ್ ಸಂಸ್ಥೆ ಮೊದಲು ಕೂರಿಸಿದ್ದು ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ, 1986ರಲ್ಲಿ. ಅಲ್ಲಿಂದ ಹಳ್ಳಿಹಳ್ಳಿಗೂ ಫೋನ್ ಹರಡಿತು. ಆದರೆ ಹಳ್ಳಿಗೆ ಬಂದ ಫೋನು ಕೇರಿಗೆ ಬರುವುದಿಲ್ಲವಲ್ಲ, ಯಾವುದೋ ದೊಡ್ಡ ಮನೆಗೋ ಅಂಗಡಿಗೋ ಬರುತ್ತದೆ. ಆಗ 'ಪಿಪಿ ನಂಬರ್' ಎಂದು ಇತ್ತು, ಹಳಬರಿಗೆ ನೆನಪಿರುತ್ತದೆ. ಪಕ್ಕದವರ ನಂಬರ್ ಕೊಡುವುದು, ಫೋನ್ ಬಂದರೆ ಅವರು ಕರೆಯುವುದು. 1989ರಲ್ಲಿ ನಮ್ಮ ಸೋದರತ್ತೆ ತುಮಕೂರಿನ ಆಚೆ ಒಂದು ಹಳ್ಳಿಯಲ್ಲಿ ತೀರಿಕೊಂಡರು. ಬೆಳಿಗ್ಗೆ ಎಂಟಕ್ಕೇ ಊರಿನ ಒಂದು ಅಂಗಡಿಗೆ ಫೋನ್ ಬಂದಿತ್ತು. ಅಂಗಡಿಯಿಂದ ನಮ್ಮ ಕೇರಿಗೆ ಇನ್ನೂರು ಗಜ. ಸಂಜೆ ಅಪ್ಪ ಬೀಡಿ ಕಟ್ಟು ತರಲು ಹೋದಾಗ, "ಓ, ನಿಮ್ಮ ತಂಗಿ ಹೋಗ್ಬಿಟ್ಲಂತೆ ಕಣಪ್ಪ, ಬೆಳಿಗ್ಗೆ ಹೇಳಿದ್ರು" ಎಂದರು. ನಾವು ಹೋಗುವ ಹೊತ್ತಿಗೆ ಮಣ್ಣಾಗಿತ್ತು. ಅಪ್ಪನಿಗೆ ತಂಗಿಯ ಮುಖ ಸಿಗಲಿಲ್ಲ. ಇಡೀ ಊರಿನ ಸಾವನ್ನು ಊರೂರಿಗೆ ಹೊತ್ತ ಮನುಷ್ಯನ ಮಗ ಅವನು. ಅವನ ಮನೆಯ ಸಾವನ್ನು ಇನ್ನೂರು ಗಜ ಹೊರಲು ಒಬ್ಬ ಹುಡುಗ ಸಿಗಲಿಲ್ಲ.

ಆ ಸಿಟ್ಟಿಗೋ ಏನೋ, ನಾಲ್ಕು ವರ್ಷದ ನಂತರ ಸಾಲ ಮಾಡಿ ದಾಬಸ್‌ಪೇಟೆಯಲ್ಲಿ ಎಸ್‌ಟಿಡಿ ಬೂತ್ ಇಟ್ಟೆ. ಹತ್ತು ವರ್ಷ ನಡೆಸಿದೆ. ಗಾಜಿನ ಗೂಡು, ಕೆಂಪು ಅಂಕಿ ಓಡುವ ಮೀಟರು, ಕರ್ ಕರ್ ಎಂದು ಬಿಲ್ಲು. ದರ ಇಳಿಯುವ ರಾತ್ರಿ ಹೊತ್ತಿಗೆ ಸಾಲು. ಗೌಡರ ಬಾಯಿಗೂ ನಮ್ಮ ಕೇರಿಯವರ ಬಾಯಿಗೂ ಅದೇ ಒಂದು ರಿಸೀವರ್. ಒಬ್ಬ ಯಜಮಾನರು ಪ್ರತಿ ಸಲ ಹೆಗಲ ಟವೆಲಿನಿಂದ ಅದನ್ನು ಒರೆಸಿಯೇ ಕಿವಿಗಿಡುತ್ತಿದ್ದರು. ಒರೆಸಿಕೊಳ್ಳಲಿ ಬಿಡಿ, ಮೀಟರು ಓಡುತ್ತಿತ್ತು. ಗಾಜು ಎಷ್ಟೇ ಮುಚ್ಚಿದರೂ ಅರ್ಧ ಊರಿನ ಸುದ್ದಿ ನನ್ನ ಕಿವಿಗೆ ಬೀಳುತ್ತಿತ್ತು. ಒಂದನ್ನೂ ನಾನು ಹೊರಗೆ ಆಡಿದ್ದಿಲ್ಲ. ಹೆಮ್ಮೆಗೆ ಹೇಳುತ್ತಿಲ್ಲ, ಆಡಿದ್ದರೆ ಬೂತ್ ಮುಚ್ಚಬೇಕಾಗುತ್ತಿತ್ತು. ಜೊತೆಗೆ ಒಂದು ಮಾತಿಗೂ ದುಡ್ಡು ಕೊಡಬೇಕಿದ್ದ ಕಾಲದಲ್ಲಿ ಜನ ಏನು ಹೇಳಬೇಕೆಂದು ಯೋಚಿಸಿಕೊಂಡೇ ಒಳಗೆ ಹೋಗುತ್ತಿದ್ದರು. ಕೆಲವರು ಚೀಟಿಯಲ್ಲಿ ಬರೆದುಕೊಂಡು ಬರುತ್ತಿದ್ದರು.

ಮೊಬೈಲ್ ಬಂತು. ದೇಶದ ಮೊದಲ ಮೊಬೈಲ್ ಕರೆ 1995ರಲ್ಲಿ ಆಗಿದ್ದರೂ ನಮ್ಮಂಥವರ ಜೇಬಿಗೆ ಬಂದದ್ದು 2003ರಲ್ಲಿ ಒಳಬರುವ ಕರೆಗೆ ದುಡ್ಡಿಲ್ಲ ಎಂದಾದ ಮೇಲೆ. ಅದೇ ವರ್ಷ ನನ್ನ ಬೂತ್ ಮುಚ್ಚಿತು. ದುಃಖವಾಗಲಿಲ್ಲ. ಕೇರಿಯ ಪ್ರತಿ ಮನೆಗೂ ತನ್ನದೇ ನಂಬರ್ ಬಂತಲ್ಲ, ಇನ್ನು ಯಾವ ಅಂಗಡಿಯವನ ಕೃಪೆಗೂ ಕಾಯಬೇಕಿಲ್ಲವಲ್ಲ ಎಂದು ಖುಷಿಯಾಯಿತು. 2016ರಲ್ಲಿ ಜಿಯೋ ಬಂದ ಮೇಲೆ ವಾಟ್ಸ್ಆಪ್. ಬಾಬಾಸಾಹೇಬರ ಭಾಷಣ, ದೀಕ್ಷಾಭೂಮಿಯ ಫೋಟೊ, ಹಾಸ್ಟೆಲ್ ಅರ್ಜಿಯ ಕೊನೆ ದಿನಾಂಕ, ರಕ್ತ ಬೇಕು ಅನ್ನುವ ಕೂಗು, ಎಲ್ಲ ಬೆರಳ ತುದಿಗೆ. ನಮ್ಮ ಈ ಅಧ್ಯಯನ ಬಳಗ ನಡೆಯುತ್ತಿರುವುದೇ ಇದರಿಂದ.

ಈಗ ನನ್ನ ತಪ್ಪಿಗೆ ಬರುತ್ತೇನೆ. 2018ರ ಮೇ ತಿಂಗಳು. ರಾತ್ರಿ ಹತ್ತೂವರೆಗೆ ಒಂದು ಧ್ವನಿ ಸಂದೇಶ ಬಂತು. ಮಕ್ಕಳ ಕಳ್ಳರ ಗುಂಪು ತುಮಕೂರು ರಸ್ತೆಗೆ ಇಳಿದಿದೆ, ಬೆಡ್‌ಶೀಟ್ ಮಾರುವವರ ವೇಷದಲ್ಲಿ ಬರುತ್ತಾರೆ, ಎಚ್ಚರ. ಗಾಬರಿಯಾದ ಹೆಣ್ಣುಮಗಳ ದನಿ. ಮೊಮ್ಮಗಳು ಪಕ್ಕದಲ್ಲೇ ಮಲಗಿದ್ದಳು. ಹಿಂದೆಮುಂದೆ ನೋಡದೆ ನಾಲ್ಕು ಗುಂಪಿಗೆ ಕಳಿಸಿದೆ, ನಮ್ಮ ಬಳಗದ ಗುಂಪಿಗೂ. ಹತ್ತು ದಿನದ ಹಿಂದೆ ಭಾನುವಾರದ ಸಭೆಯಲ್ಲಿ ಕಾಲಾಮ ಸುತ್ತದ ಮೇಲೆ ಮುಕ್ಕಾಲು ಗಂಟೆ ಮಾತಾಡಿದ್ದವನು ನಾನೇ! ಕೇಳಿ ಬಂದ ಮಾತೆಂದು ನಂಬಬೇಡಿ ಎಂದು ಕೈ ಎತ್ತಿ ಎತ್ತಿ ಹೇಳಿದ್ದೆ.

ಮಾರನೆಯ ದಿನ ಮಧ್ಯಾಹ್ನ ಬಸ್‌ಸ್ಟಾಪಿನ ಹತ್ತಿರ ಗುಂಪು ಸೇರಿತ್ತು. ತಲೆಯ ಮೇಲೆ ಬೆಡ್‌ಶೀಟ್ ಗಂಟು ಹೊತ್ತು ಬಂದ ಒಬ್ಬ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಗಂಟು ಬಿಚ್ಚಿ ಚರಂಡಿಗೆ ಚೆಲ್ಲಿದ್ದರು. ಬಾಯಿಂದ ರಕ್ತ. ಹಿಂದಿಯಲ್ಲಿ ಏನೋ ಹೇಳುತ್ತಾ ಕೈ ಮುಗಿಯುತ್ತಿದ್ದ. ಹೊಡೆಯುತ್ತಿದ್ದವರಲ್ಲಿ ನಮ್ಮ ಕೇರಿಯ ಹುಡುಗರೂ ಇದ್ದರು. ನಾನು ಕೂಗಿಕೊಂಡು ಒಳಗೆ ನುಗ್ಗಿದೆ. ಒಬ್ಬ ಹುಡುಗ ನನ್ನತ್ತ ತಿರುಗಿ, "ದೊಡ್ಡಪ್ಪ, ನೀವೇ ತಾನೆ ರಾತ್ರಿ ಹಾಕಿದ್ದು?" ಎಂದ.

ಅಷ್ಟರಲ್ಲಿ ಪೊಲೀಸರು ಬಂದರು, ಹುಡುಗ ಬದುಕಿಕೊಂಡ. ಅದೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆ ಕಡೆ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಒಬ್ಬ ಯುವಕ ಇಂಥದ್ದೇ ವದಂತಿಗೆ ಬದುಕಲಿಲ್ಲ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್ ಸತ್ತ. ಅವನ ಜೊತೆಯವರು ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ಅಪರಾಧವಾಯಿತು. ಅದಾದ ಮೇಲೆ ವಾಟ್ಸ್ಆಪ್‌ನವರು ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಎಂದು ಮಿತಿ ಹಾಕಿದರು. ಇದು ಹೊಸದೇನೂ ಅಲ್ಲ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದಾಗಲೂ ಸರ್ಕಾರ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಒಟ್ಟಿಗೆ ಕಳಿಸಬಾರದೆಂದು ಹದಿನೈದು ದಿನ ತಡೆ ಹಾಕಿತ್ತು. ನನ್ನದು ನಾಲ್ಕೇ ಗುಂಪು. ಯಾವ ಮಿತಿಯೂ ನನ್ನನ್ನು ತಡೆಯುತ್ತಿರಲಿಲ್ಲ.

ಆಮೇಲೆ ಬಳಗದಲ್ಲಿ ಇದರ ಮೇಲೆ ಚರ್ಚೆಯಾಯಿತು. ಒಬ್ಬರು ನನಗೆ ಸಮಾಧಾನ ಹೇಳಲು, "ಅಂಚೆಯವನು ಪತ್ರಕ್ಕೆ ಹೊಣೆಯೇನಣ್ಣ? ನೀವು ಬರೀ ದಾಟಿಸಿದ್ದು" ಎಂದರು. ಕೇಳಲು ಹಿತವಾಗಿತ್ತು. ಆದರೆ ಅಂಚೆಯವನು ಪತ್ರ ಒಡೆಯುವಂತಿಲ್ಲ, ಬೇಡವೆಂದು ಎಸೆಯುವಂತಿಲ್ಲ. ತಾತನಿಗೂ ಒಲ್ಲೆ ಅನ್ನುವ ಹಕ್ಕಿರಲಿಲ್ಲ, ಅಂದರೆ ಬೆನ್ನ ಮೇಲೆ ಏಟು. ನಾನು ಕೇಳಿದೆ, ಆರಿಸಿದೆ, ನನ್ನ ಹೆಸರಿನಲ್ಲಿ ಕಳಿಸಿದೆ. ಇನ್ನೊಬ್ಬರು ಚೇತನಾ ಎತ್ತಿದರು: ಉದ್ದೇಶವೇ ಕಮ್ಮ ಎಂದು ಬುದ್ಧರು ಹೇಳಿದ್ದಾರೆ, ನಿಮ್ಮ ಉದ್ದೇಶ ಮಕ್ಕಳ ರಕ್ಷಣೆ ಅಲ್ಲವೇ? ಇದು ಗಟ್ಟಿ ಪ್ರಶ್ನೆ. ನಾನು ಬಹಳ ದಿನ ಇದರ ನೆರಳಲ್ಲೇ ಕೂತಿದ್ದೆ.

ಆದರೆ ಒಳ್ಳೆಯ ಮಾತಿಗೆ ಬುದ್ಧರು ಹೇಳುವ ಗುರುತುಗಳು ಐದು. ಹೊತ್ತರಿತದ್ದು, ನಿಜವಾದದ್ದು, ಮೃದುವಾದದ್ದು, ಪ್ರಯೋಜನದ್ದು, ಮೈತ್ರಿಯಿಂದ ಬಂದದ್ದು. ಮೈತ್ರಿ ಐದರಲ್ಲಿ ಒಂದು ಅಷ್ಟೇ, ಅದಿದ್ದರೆ ಉಳಿದ ನಾಲ್ಕಕ್ಕೆ ರಿಯಾಯಿತಿ ಇದೆ ಎಂದು ಎಲ್ಲೂ ಇಲ್ಲ. ಜೊತೆಗೆ ಪ್ರಾಮಾಣಿಕವಾಗಿ ನೋಡಿಕೊಂಡರೆ ಆ ರಾತ್ರಿ ನನ್ನಲ್ಲಿದ್ದದ್ದು ಬರೀ ಮೈತ್ರಿಯೂ ಅಲ್ಲ. ಭಯ ಇತ್ತು. ಎಲ್ಲರಿಗಿಂತ ಮೊದಲು ನಾನು ಹೇಳಿದೆ ಅನ್ನುವ ಸಣ್ಣ ಖುಷಿಯೂ ಇತ್ತು. ಪಿಸುಣಾವಾಚಾ ಎಂದರೆ ಚಾಡಿ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಸುತ್ತಗಳಲ್ಲಿ ಅದನ್ನು ಬಿಡಿಸಿ ಹೇಳುವುದು ಹೀಗೆ: ಇಲ್ಲಿ ಕೇಳಿದ್ದನ್ನು ಅಲ್ಲಿಗೆ ಒಯ್ದು, ಅಲ್ಲಿಯದನ್ನು ಇಲ್ಲಿಗೆ ತಂದು ಜನರನ್ನು ಒಡೆಯುವುದು. ಮಾತನ್ನು ಹುಟ್ಟಿಸಿದವನ ಸುದ್ದಿಯೇ ಅಲ್ಲಿಲ್ಲ, ಒಯ್ದವನದೇ ಸುದ್ದಿ. ನಾನು ಒಡೆಯಲೆಂದು ಒಯ್ಯಲಿಲ್ಲ, ಸರಿ. ಒಡೆಯಿತು.

ಬಾಬಾಸಾಹೇಬರಿಗೂ ಈ ಪ್ರಶ್ನೆ ಎದುರಾಗಿತ್ತು ಎಂದರೆ ನಿಮಗೆ ಆಶ್ಚರ್ಯವಾಗಬಹುದು. 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅವರು ಬುದ್ಧರ ಮಾತುಗಳು ತಪ್ಪಾಗಿ ವರದಿಯಾದ ಬಗ್ಗೆ ಬರೆಯುತ್ತಾರೆ. ಬುದ್ಧರು ಬದುಕಿದ್ದಾಗಲೇ ಅವರು ಹೇಳದ್ದನ್ನು ಹೇಳಿದರೆಂದು ಹಬ್ಬಿಸಿದ ಐದು ಪ್ರಸಂಗಗಳನ್ನು ಸುತ್ತಗಳಿಂದಲೇ ಎತ್ತಿ ತೋರಿಸುತ್ತಾರೆ. ಬರವಣಿಗೆ ಇಲ್ಲದ ಕಾಲ, ಭಾಣಕರು ನೆನಪಿನಲ್ಲಿಟ್ಟು ಬಾಯಿಂದ ಬಾಯಿಗೆ ದಾಟಿಸಬೇಕಿತ್ತು, ತಪ್ಪು ನುಸುಳುವುದು ಸಹಜ. ಹಾಗೆಂದು ಬಾಬಾಸಾಹೇಬರು ಬಂದದ್ದನ್ನೆಲ್ಲ ಬುದ್ಧವಚನವೆಂದು ಒಪ್ಪಿದರೇ? ಇಲ್ಲ. ಬುದ್ಧರು ವಿವೇಕಿ, ಆದ್ದರಿಂದ ತರ್ಕಕ್ಕೆ ನಿಲ್ಲಬೇಕು. ಮನುಷ್ಯನ ಒಳಿತಿಗೆ ಸಂಬಂಧವಿಲ್ಲದ ಚರ್ಚೆಗೆ ಅವರು ಇಳಿದವರಲ್ಲ, ಆದ್ದರಿಂದ ಒಳಿತಿಗೆ ಬೇಕಾದದ್ದಾಗಿರಬೇಕು. ಹೀಗೆ ಒರೆಗಲ್ಲು ಇಟ್ಟು ತಿಕ್ಕಿ ನೋಡಿದರು. ಎರಡೂವರೆ ಸಾವಿರ ವರ್ಷದ ಫಾರ್ವರ್ಡನ್ನೇ ಅವರು ಪರೀಕ್ಷಿಸದೆ ಮುಂದಕ್ಕೆ ಕಳಿಸಲಿಲ್ಲ. ನಾವೋ, ಬಾಬಾಸಾಹೇಬರ ಫೋಟೊದ ಕೆಳಗೆ ಯಾರೋ ಬರೆದ ಸಾಲನ್ನು ಅವರ ಹೇಳಿಕೆ ಎಂದು ದಿನಾ ಬೆಳಿಗ್ಗೆ ಹಂಚುತ್ತಿದ್ದೇವೆ. ಸಂಪುಟಗಳು ಕನ್ನಡದಲ್ಲೇ ಇವೆ. ಯಾವ ಸಂಪುಟ ಎಂದು ಕೇಳಿದರೆ ಕೆಲವರಿಗೆ ಬೇಸರ. ಕೇಳಿದ್ದಕ್ಕೆ ನನ್ನನ್ನು ಒಂದು ಗುಂಪಿನಿಂದ ತೆಗೆದದ್ದೂ ಇದೆ.

ತಾತನಿಗೆ ಓದು ಬರುತ್ತಿರಲಿಲ್ಲ. ಧಮ್ಮದ ಹೆಸರೂ ಅವನ ಕಿವಿಗೆ ಬಿದ್ದಿರಲಿಲ್ಲ. ಮನೆಯೊಳಕ್ಕೆ ಬಿಡದ ಜನರ ಬಾಗಿಲ ಎದುರು ಕಂಬಳಿ ಹೊದ್ದು ಕೂತು, ಬೈಸಿಕೊಂಡು, ಬೆಂಕಿ ಬೀಳುವುದನ್ನು ನೋಡಿಕೊಂಡೇ ಎದ್ದ. ನನಗೆ ಎಲ್ಲ ಬಾಗಿಲೂ ತೆರೆದಿತ್ತು. ನೆಲಮಂಗಲದ ಠಾಣೆಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಬಾಬಾಸಾಹೇಬರು ನಮ್ಮ ಬೆನ್ನಿಂದ ಇಳಿಸಿದ ಬಿಟ್ಟಿ ಚಾಕರಿಯನ್ನು ನಾನೇ ಮತ್ತೆ ಹೊತ್ತುಕೊಂಡೆ. ಯಾರದೆಂದೇ ಗೊತ್ತಿಲ್ಲದ ಸುದ್ದಿಯನ್ನು, ಕೂಲಿಯಿಲ್ಲದೆ, ಯಾರೂ ಹೊಡೆದು ಕಳಿಸದಿದ್ದರೂ.

ಅದೇ ವಾರ ನಾಲ್ಕೂ ಗುಂಪಿನಲ್ಲಿ ಬರೆದೆ: ನಾನು ಕಳಿಸಿದ್ದು ಸುಳ್ಳು, ತಪ್ಪಾಯಿತು. ಕೆಲವರು ಕೈ ಮುಗಿಯುವ ಚಿತ್ರ ಹಾಕಿದರು. ಅದನ್ನು ಒಬ್ಬರೂ ಮುಂದಕ್ಕೆ ಕಳಿಸಿದಂತೆ ಕಾಣಲಿಲ್ಲ. ಆ ಹುಡುಗನನ್ನು ಹುಡುಕಿಕೊಂಡು ಇಂಡಸ್ಟ್ರಿಯಲ್ ಏರಿಯಾದ ಹತ್ತಿರದ ಶೆಡ್ಡುಗಳಿಗೆ ಹೋದೆ. ಊರಿಗೆ ಹೊರಟುಹೋದ ಎಂದರು. ಯಾವ ಊರು? ಬಿಹಾರ, ಗಯಾ ಜಿಲ್ಲೆ. ನಮ್ಮ ಬಳಗ ಬುದ್ಧಗಯೆ ಯಾತ್ರೆಗೆಂದು ತಿಂಗಳಿಗೆ ಇನ್ನೂರು ರೂಪಾಯಿ ಚೀಟಿ ಕಟ್ಟುತ್ತಿದ್ದ ವರ್ಷ ಅದು.

ಅವನ ಜೊತೆಗಾರನೊಬ್ಬ ನಂಬರ್ ಕೊಟ್ಟ. ಇಟ್ಟುಕೊಂಡೆ. ಫೋನ್ ಮಾಡಲಿಲ್ಲ. ಹಿಂದಿ ಬರಲ್ಲ ಎಂದು ಒಂದು ವರ್ಷ, ಕೊರೊನಾ ಎಂದು ಎರಡು ವರ್ಷ, ಈಗ ಯಾಕೆ ಕೆದಕುವುದು ಎಂದು ಉಳಿದ ವರ್ಷ. ಕರೆಗೆ ಕಾಸೂ ಇಲ್ಲದ ಈ ಕಾಲದಲ್ಲಿ.

ಈ ಬರಹಕ್ಕೆ ಕೂತ ಮೇಲೆ, ಮೊನ್ನೆ ಮಾಡಿದೆ. ಆ ನಂಬರ್ ಈಗ ಬಳಕೆಯಲ್ಲಿಲ್ಲ ಎಂದು ಹೇಳಿತು. ನಿನ್ನೆ ಸಂಜೆ ಮತ್ತೆ ಶೆಡ್ಡುಗಳ ಕಡೆ ಹೋದೆ. ಈಗಿರುವವರೆಲ್ಲ ಹೊಸ ಮುಖ. ವಿಚಾರಿಸಿದಾಗ ಒಬ್ಬ ಹುಡುಗ ಸಿಕ್ಕಿದ, ಅದೇ ಕಡೆಯವನು. ಬೆಡ್‌ಶೀಟ್ ಮಾರಲು ಹೋಗಿ ಏಟು ತಿಂದು ಬಂದವನ ವಿಷಯ ತನ್ನ ಊರಲ್ಲಿ ಕೇಳಿದ್ದೇನೆ, ಪಕ್ಕದ ಹಳ್ಳಿಯವನು, ಆದರೆ ಅವನೇ ಹೌದೋ ಅಲ್ಲವೋ ಹೋಗಿ ಕೇಳಿಯೇ ಹೇಳಬೇಕು ಎಂದ. ಛಠ್ ಹಬ್ಬಕ್ಕೆ ಊರಿಗೆ ಹೊರಟಿದ್ದಾನೆ. ಇಲ್ಲಿ ಎರಡು ವರ್ಷವಾದ್ದರಿಂದ ಸ್ವಲ್ಪ ಕನ್ನಡ ಬರುತ್ತದೆ.

"ಅವ್ನೇ ಆದ್ರೆ ಏನಂತ ಹೇಳ್ಬೇಕು ಅಂಕಲ್?" ಎಂದ.

ಹೇಳಿದೆ. ಅವನು ಒಂದು ಸಲ ತಿರುಗಿ ಹೇಳಿ ಒಪ್ಪಿಸಿದ. ಒಂದು ಕಡೆ ತಪ್ಪಿತು, ತಿದ್ದಿದೆ. ಮತ್ತೆ ಹೇಳಿದ.

ಜೈ ಭೀಮ್. ನಮೋ ಬುದ್ಧಾಯ.